ಅರಕಲಗೂಡಿನಲ್ಲಿ ತೆಗೆದ ಫೋಟೋ

ಹೊಳೆನರಸೀಪುರ
೯-೧೧-೨೦೦೮

ಮುದ್ದಿನ ಮಗಳು ಕವನಾಳಿಗೆ ಅವ್ವನ ನೆನಪುಗಳು.

ನಾನು ಚೆನ್ನಾಗಿದ್ದೇನೆ. ಚೆನ್ನರಾಯಪಟ್ಟಣದ ಚಳಿಗೆ ಹಾಸ್ಟೆಲಿನಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತೀ ತಾನೇ? ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರ ತಡವಾಯಿತು ಎಂದು ಬೇಜಾರು ಮಾಡಿಕೊಳ್ಳಬೇಡ. ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ಕೆಲಸ ಬಿತ್ತು, ಮೇಲಿನವರು ಬಂದು ಹೋದರು ಎಂದೆಲ್ಲ ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಸಿಟ್ಟಿಗೆ ಅಕ್ಷರ ಅಡ್ಡಾದಿಡ್ಡಿಯಾಗಿ ಎದ್ದುಬಿಟ್ಟೆ.

ನಿನ್ನೆ ಹಳೇಕೋಟೆಯಿಂದ ಗುಂಡಯ್ಯ ಮಾವ ಬಂದಿದ್ದ. ನಿನಗೆಂದು ಹುರಿಹಿಟ್ಟು ತಂದಿದ್ದಾನೆ. ಊರಿನಲ್ಲೆಲ್ಲ ಸುದ್ದಿ ಹಬ್ಬಿದೆಯಂತೆ. "ನೀನು ಮಾಡಿದ್ದು ಸರಿಯಾಗೈತೆ ಕಣಕ್ಕ. ಆದ್ರೆ ಮೊದ್ಲು ಮಗೀಗೆ ಒಂದ್ಮಾತು ಯೋಳ್ಬೇಕಿತ್ತು" ಎಂದ. ಆ ಮಾತು ನನಗೆ ತಾಗಿತು. ಅದಕ್ಕೇ ಈಗ ಕೂತಿದ್ದೇನೆ.

ನಿನ್ನ ಕಾಗದದಲ್ಲಿ ಇದ್ದದ್ದು ಕೆಲವೇ ಸಾಲು. "ಎಲ್ಲರ ಮುಂದೆ ನನ್ನ ಮಾನ ಕಳೆದೆ. ಅಪ್ಪ ಅವರನ್ನು ದೇವರ ಹಾಗೆ ನೋಡುತ್ತಿದ್ದರು. ನೀನು ಸೇಡು ತೀರಿಸಿಕೊಳ್ಳುತ್ತೀಯ ಅಂತ ಗೊತ್ತಿದ್ದರೆ ಯಶಸ್‌ಗೆ ಮನೆಯ ವಿಳಾಸವನ್ನೇ ಕೊಡುತ್ತಿರಲಿಲ್ಲ." ಸೇಡು ಎಂದು ಸರಿಯಾಗಿಯೇ ಬರೆದಿದ್ದೀ. ಸೇಡೇ ಮಗಾ. ಅದಕ್ಕೆ ಬೇರೆ ಹೆಸರಿಟ್ಟು ಮರ್ಯಾದೆ ತರಲು ನನಗೆ ಇಷ್ಟವಿಲ್ಲ. ಆದರೆ ಯಾಕೆ ಎಂಬುದು ನಿನಗೆ ತಿಳಿಯಬೇಕು.

ಸಮರ್ಥ, ಶ್ರೀಗೌರಿ ಗಂಡಹೆಂಡತಿ ಆ ಕಾಲದಲ್ಲಿ ಎಂಥ ಹೆಸರು ಮಾಡಿದ್ದರು ಎಂಬುದನ್ನು ನೀನು ಈಗ ಫೋಟೋಗಳಲ್ಲಿ ನೋಡುತ್ತಿದ್ದೀ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಕ್ಯಾಸೆಟ್ ಅಂಗಡಿಗಳಲ್ಲೆಲ್ಲ ಅವರದೇ ಪಾಪ್ ಹಾಡು. ಆತನಿಗೆ ಭುಜದವರೆಗೆ ಕೂದಲು, ಮಿಂಚುವ ಕೋಟು. ಆಕೆ ಜೀನ್ಸ್ ಹಾಕಿಕೊಂಡು ಸ್ಟೇಜಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಹಾಡಿದರೆ ಕಾಲೇಜು ಹುಡುಗಿಯರು ಮರುದಿನ ಆಕೆಯ ಹಾಗೇ ಕೂದಲು ಕತ್ತರಿಸಿಕೊಳ್ಳುತ್ತಿದ್ದರು. ಅವರ ಹಿಂದೆ ಕೂತು ಡ್ರಮ್ಸ್ ಬಾರಿಸುತ್ತಿದ್ದವರು ನಿಮ್ಮಪ್ಪ. ಹಳೇಕೋಟೆಯಲ್ಲಿ ನಿಮ್ಮ ತಾತನ ಜೊತೆ ತಮಟೆ ಬಾರಿಸಿ ಪಳಗಿದ ಕೈ ಅದು. ಅವರ ವ್ಯಾನು ನಮ್ಮ ಬೀದಿಗೆ ಬರುತ್ತಿತ್ತು. ಇಬ್ಬರೂ ಒಂದು ದಿನವೂ ಇಳಿದು ಒಳಗೆ ಬಂದವರಲ್ಲ. ಹಾರನ್ ಹೊಡೆದರೆ ನಿಮ್ಮಪ್ಪ ತಟ್ಟೆಯ ಮುಂದಿನಿಂದ ಎದ್ದು ಓಡುತ್ತಿದ್ದರು. ನಾನು ಗೊಣಗಿದರೆ, "ಅವರು ದೊಡ್ಡ ಕಲಾವಿದ್ರು ಕಣೆ, ನಮ್ಮನ್ನ ಜೊತೇಲಿ ಕರ್ಕೊಂಡೋಯ್ತಾರಲ್ಲ" ಎನ್ನುತ್ತಿದ್ದರು.

ಈ ವರ್ಷ ಮಳೆಗಾಲದಲ್ಲಿ ನೀನು ಎಷ್ಟು ಖುಷಿಯಿಂದ ಬರೆದಿದ್ದೆ! ಕಂಪ್ಯೂಟರಿನ ಆರ್ಕುಟ್‌ನಲ್ಲಿ ಅವರ ಅಭಿಮಾನಿಗಳ ಗುಂಪು ಇದೆ, ಎಲ್ಲರೂ ಹಳೆಯ ಫೋಟೋ ಹುಡುಕಿ ಹಾಕುತ್ತಾರೆ, ನೀನು ಅಪ್ಪನ ಫೋಟೋ ಹಾಕಿದ ಮೇಲೆ "ಡ್ರಮ್ಸ್ ಶಾಂತರಾಜು ಮಗಳಾ!" ಎಂದು ನೂರು ಜನ ಮಾತಾಡಿಸಿದರು ಎಂದು. ಓದಿ ನನಗೂ ಸಂತೋಷವಾಯಿತು. ಅದೇ ಕಾಗದದ ಕೊನೆಯಲ್ಲಿ, ಆ ಫೋಟೋದ ಕೆಳಗೆ ಸಮರ್ಥ ತಾನೇ ಬರೆದ ಮಾತನ್ನು ನೀನು ಹೆಮ್ಮೆಯಿಂದ ನಕಲು ಮಾಡಿ ಕಳಿಸಿದ್ದೆ. "ನಮ್ಮ ಶಾಂತು ಹೋದ ಸಂಜೆ ಮರೆಯಲು ಸಾಧ್ಯವಿಲ್ಲ. ಹಾಡು ಅಲ್ಲಿಗೇ ನಿಲ್ಲಿಸಿದೆವು. ನಮ್ಮ ಕಾರಿನಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಗೌರಿಯ ಮಡಿಲಲ್ಲೇ ಅವನ ಪ್ರಾಣ ಹೋಯಿತು."

ಗೌರಿಯ ಮಡಿಲಲ್ಲಿ! ಅದನ್ನು ಓದಿದಾಗ ನಾನು ಒಲೆಯ ಮೇಲೆ ಸಾರು ಇಟ್ಟಿದ್ದೆ. ಅದು ಸೀದು ಮನೆಯೆಲ್ಲ ಹೊಗೆಯಾದ ಮೇಲೆ ಪಕ್ಕದ ಮನೆಯ ಮಲ್ಲಿಗಮ್ಮ ಬಂದು ನನ್ನನ್ನು ಎಬ್ಬಿಸಿದಳು.

ನಿನಗೆ ನಾನು ಹೇಳಿದ್ದು "ಕರೆಂಟ್ ಹೊಡೆಯಿತು" ಎಂದು ಅಷ್ಟೇ. ಏಳು ವರ್ಷದ ಕೂಸಿಗೆ ಅದಕ್ಕಿಂತ ಹೆಚ್ಚು ಏನು ಹೇಳಲಿ? ಈಗ ಹೇಳುತ್ತೇನೆ ಕೇಳು.

ತೊಂಬತ್ತಾರರ ಗಣಪತಿ ಹಬ್ಬ. ಅರಕಲಗೂಡಿನಲ್ಲಿ ಅವರ ಕಾರ್ಯಕ್ರಮ. ನಿನಗೆ ಜ್ವರ ಎಂದು ಗುಂಡಯ್ಯನ ಮನೆಯಲ್ಲಿ ಬಿಟ್ಟು, ನಾನು ನೋಡಲು ಹೋಗಿದ್ದೆ. ಸಂಜೆ ತುಂತುರು ಮಳೆ ಹನಿಸಿ ಸ್ಟೇಜು ಒದ್ದೆಯಾಗಿತ್ತು. ನಿಮ್ಮಪ್ಪ ಸಮರ್ಥನ ಹತ್ತಿರ ಹೋಗಿ, "ಸಾ, ಮೈಕ್ ಸ್ಟ್ಯಾಂಡ್ ಮುಟ್ಟಿದ್ರೆ ಕೈ ಜುಮ್ ಅಂತೈತೆ, ಒಂದ್ಸಲ ವೈರು ನೋಡಿಸ್ಬುಡಿ" ಎಂದದ್ದನ್ನು ನಾನು ಸ್ಟೇಜಿನ ಪಕ್ಕದಲ್ಲೇ ನಿಂತು ಕೇಳಿದೆ. ಆತ ಜನರ ಕಡೆ ನೋಡುತ್ತಲೇ, "ಅಡ್ಜಸ್ಟ್ ಮಾಡ್ಕೊ ಶಾಂತು, ಜನ ಕೂಗ್ತಿದಾರೆ" ಎಂದ. ಮೂರನೆಯ ಹಾಡಿಗೆ ನಿಮ್ಮಪ್ಪ ಮೈಕನ್ನು ಹತ್ತಿರ ಎಳೆದುಕೊಂಡರು. ಅಲ್ಲೇ ಬಿದ್ದರು. ಯಾರೋ ಮೇನ್ ಸ್ವಿಚ್ ಆರಿಸಿದರು, ಸ್ವಲ್ಪ ಹೊತ್ತು ಕತ್ತಲಾಯಿತು. ಮತ್ತೆ ದೀಪ ಹತ್ತಿತು. ಸಮರ್ಥ ಬೇರೆ ಮೈಕ್ ಹಿಡಿದು, "ಸಣ್ಣ ತೊಂದರೆ ಅಷ್ಟೇ, ಸರಿಹೋಯ್ತು! ಚಪ್ಪಾಳೆ ಕೇಳಿಸ್ತಾ ಇಲ್ಲ!" ಎಂದ. ಶ್ರೀಗೌರಿ ಒಂದು ಸಲ ಹಿಂದೆ ತಿರುಗಿ ನೋಡಿದಳು. ಆಮೇಲೆ ಹಾಡಲು ಶುರು ಮಾಡಿದಳು. ಅವರಿಬ್ಬರ ಬೆನ್ನ ಹಿಂದೆಯೇ ಇಬ್ಬರು ನಿಮ್ಮಪ್ಪನನ್ನು ತೋಳು, ಕಾಲು ಹಿಡಿದು ಇಳಿಸುತ್ತಿದ್ದರು. ಕಾರಿನ ಡ್ರೈವರನನ್ನು ಕೇಳಿದರೆ "ಯಜಮಾನ್ರು ಹೇಳ್ದೆ ತೆಗಿಯಕ್ಕಾಗಲ್ಲ" ಎಂದ. ಆಲೂಗೆಡ್ಡೆ ಮೂಟೆ ತುಂಬಿದ್ದ ಟೆಂಪೋ ಒಂದು ದಾರಿಯಲ್ಲಿ ನಿಂತಿತು. ಆ ಮೂಟೆಗಳ ಮೇಲೆ, ನನ್ನ ಮಡಿಲಲ್ಲಿ, ನಿಮ್ಮಪ್ಪ ಹೋದರು. ಮಣ್ಣಿಗೂ ಅವರಿಬ್ಬರು ಬರಲಿಲ್ಲ. ಮರುದಿನ ಬೇರೆ ಊರಲ್ಲಿ ಕಾರ್ಯಕ್ರಮವಿತ್ತಂತೆ.

ಅರಕಲಗೂಡಿನ ಸ್ಟುಡಿಯೋದ ತಿರುನಾರಾಯಣ ಅಯ್ಯಂಗಾರ್ರು ಅವತ್ತು ಫೋಟೋ ತೆಗೆಯುತ್ತಿದ್ದರು. ಆ ಕ್ಷಣವೂ ಅವರ ಕ್ಯಾಮೆರಾದಲ್ಲಿ ಬಿದ್ದಿತ್ತು. ತಿಥಿಯ ದಿನ ಬಂದು ಒಂದು ಪ್ರಿಂಟು ನನ್ನ ಕೈಗಿಟ್ಟು ಹೋಗಿದ್ದರು. ನಾನು ಅದನ್ನು ನಿನ್ನ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಂಡಿದ್ದೆ.

ಮಳೆಗಾಲದ ಆ ಕಾಗದ ಬಂದ ಮೇಲೆ ಯಶಸ್ ಮನೆಗೆ ಬಂದ. ಒಳ್ಳೆಯ ಹುಡುಗ, ಹಾಸನದಲ್ಲಿ ಇಂಟರ್‌ನೆಟ್ ಅಂಗಡಿ ಇಟ್ಟಿದ್ದಾನೆ. ಅಭಿಮಾನಿಗಳೆಲ್ಲ ಸೇರಿ ಹಳೆಯ ಫೋಟೋಗಳ ಪ್ರದರ್ಶನ ಮಾಡುತ್ತಾರೆ, ಜೋಡಿಯೇ ಬರುತ್ತಾರೆ, ಹೊಸ ಸಿ.ಡಿ. ಬಿಡುಗಡೆ, ಆಮೇಲೆ ಊರೂರಲ್ಲಿ ಮತ್ತೆ ಕಾರ್ಯಕ್ರಮ ಎಂದ. "ನಿಮಗೂ ಸ್ಟೇಜಲ್ಲಿ ಸನ್ಮಾನ ಇದೆ ಅಮ್ಮ. ಯಾರ ಹತ್ರಾನೂ ಇಲ್ದಿರೋ ಫೋಟೋ ಯಾವ್ದಾದ್ರೂ ಇದ್ರೆ ಕೊಡಿ" ಎಂದು ಕೇಳಿದ.

"ಐತೆ. ನಾನೇ ತತ್ತೀನಿ" ಎಂದೆ.

ಮರುದಿನವೇ ಅರಕಲಗೂಡಿನ ಬಸ್ಸು ಹತ್ತಿದೆ. ಅಯ್ಯಂಗಾರ್ರಿಗೆ ಈಗ ಕಣ್ಣು ಮಂಜು, ಸ್ಟುಡಿಯೋ ಮಗ ನೋಡಿಕೊಳ್ಳುತ್ತಾನೆ. ನೆಗೆಟಿವ್ ಇನ್ನೂ ಇಟ್ಟಿದ್ದರು. ದೊಡ್ಡದು ಮಾಡಿಕೊಡಿ ಎಂದೆ. "ಎಷ್ಟು ದೊಡ್ಡದು ಬೇಕಮ್ಮಾ?" ಎಂದರು. "ಬಾಗ್ಲಷ್ಟು" ಎಂದೆ. ಮಗನನ್ನು ಕರೆದು ನೆಗೆಟಿವ್ ಕೊಟ್ಟರು.

ಹಾಸನದ ಕಲ್ಯಾಣ ಮಂಟಪಕ್ಕೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೋದೆ. ಬಿಚ್ಚಿದಾಗ ಯಶಸ್ ಮತ್ತೆ ಸೀರೆ ಎಳೆದು ಮುಚ್ಚಿದ. "ಅಮ್ಮ, ಇದು ಬೇಡ. ಅವರು ಬೇಜಾರು ಮಾಡ್ಕೋತಾರೆ" ಎಂದ.

"ನೀವು ಕೇಳಿದ್ದು ಹಳೇ ಫೋಟೋ ತಾನೇ? ಅವರೂ ಅವ್ರೆ, ನಮ್ಮೋರೂ ಅವ್ರೆ. ಹಾಕಪ್ಪ."

ಉಳಿದ ಫೋಟೋಗಳಿದ್ದ ಊಟದ ಮನೆಯ ಬಾಗಿಲ ಹತ್ತಿರ ಹಾಕಿದ, ಪಾಪ.

ಸಮರ್ಥನಿಗೆ ಈಗ ಬೊಕ್ಕತಲೆ, ಹೊಟ್ಟೆ ಬಂದಿದೆ. ಶ್ರೀಗೌರಿ ರೇಷ್ಮೆ ಸೀರೆ ಉಟ್ಟಿದ್ದಳು. ಬಂದವರೇ ನೇರ ಸ್ಟೇಜಿಗೆ ಹೋದರು. ಸಭೆ ಮುಗಿಯುವ ತನಕ ಊಟದ ಮನೆಯ ಕಡೆ ಯಾರನ್ನೂ ಬಿಟ್ಟಿರಲಿಲ್ಲ, ಫೋಟೋ ಇನ್ನೂ ಯಾರೂ ನೋಡಿರಲಿಲ್ಲ. ಆತ ನನ್ನ ಹೆಗಲಿಗೆ ಶಾಲು ಹೊದಿಸಿ, ಮೈಕಿನಲ್ಲಿ ಅದೇ ಕಥೆ ಹೇಳಿದ. ಕಾರು, ಮಡಿಲು, ಕಣ್ಣೀರು. ಕೆಳಗೆ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ಅಮ್ಮ ಎರಡು ಮಾತಾಡ್ಲಿ" ಎಂದು ಯಾರೋ ಕೂಗಿದರು. ನಾನು ಮೈಕ್ ತೆಗೆದುಕೊಂಡೆ.

"ಸಾ, ನಿಮ್ಮ ಕಾರಿನ ಬಣ್ಣ ಯಾವುದು?" ಎಂದು ಕೇಳಿದೆ.

ಆತ ನಕ್ಕ. "ಯಾಕಮ್ಮ? ಬಿಳೀದು."

"ನಾನೂ ಅಲ್ಲೇ ಇದ್ದೆ. ನಮ್ಮೋರ್ನ ಒಯ್ದಿದ್ದು ನೀಲಿ ಟೆಂಪೋ, ಆಲೂಗೆಡ್ಡೆ ಮೂಟೆ ಮ್ಯಾಲೆ. ನೀವಿಬ್ರೂ ಆಗ ಹಾಡ್ತಿದ್ರಿ. ಊಟದ ಮನೆ ಬಾಗ್ಲತ್ರ ಬಾಗ್ಲಷ್ಟು ದೊಡ್ಡ ಫೋಟೋ ಐತೆ. ಎಲ್ರೂ ಓಗಿ ನೋಡ್ಕಳಿ."

ಮೊದಲು ಒಬ್ಬಿಬ್ಬರು ಎದ್ದರು. ಆಮೇಲೆ ಕುರ್ಚಿಗಳ ಸದ್ದು. ಫೋಟೋದಲ್ಲಿ ಎಲ್ಲವೂ ಸ್ಪಷ್ಟವಾಗಿದೆ ಮಗಾ. ಆತನ ಎತ್ತಿದ ಕೈ, ಆಕೆಯ ತೆರೆದ ಬಾಯಿ, ಹಿಂದೆ ನಿಮ್ಮಪ್ಪನ ಜೋತುಬಿದ್ದ ತಲೆ. ಜನ ತಮ್ಮ ಮೊಬೈಲುಗಳಲ್ಲಿ ಅದರ ಫೋಟೋ ತೆಗೆಯತೊಡಗಿದರು. ಸಮರ್ಥ ಮೈಕಿಲ್ಲದೆಯೇ ಕೂಗಿದ, "ಜನ ಕಲ್ಲು ಎಸೀತಿದ್ರು, ನಿಲ್ಲಿಸಿದ್ರೆ ಗಲಾಟೆ ಆಗ್ತಿತ್ತು!"

"ಅಂಗೇ ಬರೀಬೋದಿತ್ತಲ್ಲ ಸಾ. ನನ್ನ ಮಗಳಿಗೆ ಕಾರಿನ ಕಥೆ ಯಾಕೆ ಕಟ್ಟಿದ್ರಿ?" ಎಂದು ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಇಳಿದು ಬಂದೆ.

ಸಿ.ಡಿ. ಬಿಡುಗಡೆ ಆಗಲಿಲ್ಲ. ಚೆನ್ನರಾಯಪಟ್ಟಣದ ಕಾರ್ಯಕ್ರಮವೂ ನಿಂತಿತು ಎಂದು ಯಶಸ್ ಹೇಳಿದ. ಗುಂಪಿನಲ್ಲಿ ಹಳೆಯ ಫೋಟೋ ಹಾಕುವುದನ್ನೇ ಬಿಟ್ಟು ಎಲ್ಲರೂ ಜಗಳವಾಡುತ್ತಿದ್ದಾರಂತೆ. ನಿನಗೆ ಅದರಿಂದ ನೋವಾಗಿದೆ, ಗೊತ್ತು. ನನಗೆ ಸಂತೋಷವಾಗಿದೆ. ಅವತ್ತು ಬಸ್ಸಿನಲ್ಲಿ ಹೊಳೆನರಸೀಪುರದವರೆಗೂ ಒಬ್ಬಳೇ ನಗುತ್ತ ಬಂದೆ.

ಹೋದ ಬುಧವಾರ ಶ್ರೀಗೌರಿ ಅಂಗನವಾಡಿಗೆ ಬಂದಳು. ಆಟೋದಲ್ಲಿ, ಒಬ್ಬಳೇ. ಬಾಗಿಲಲ್ಲಿ ನಿಂತು, "ಮಾಯಮ್ಮಾ, ನಾನು ಹಿಂದೆ ತಿರುಗಿ ನೋಡಿದ್ದೆ. ನೋಡಿಯೂ ಹಾಡಿದೆ. ತಪ್ಪಾಯ್ತು" ಎಂದು ಅತ್ತಳು. ನಾನು ಮಕ್ಕಳಿಗೆ ಅನ್ನ ಬಡಿಸುತ್ತಿದ್ದೆ. ಸೌಟು ಕೆಳಗಿಡಲಿಲ್ಲ. ಕುಡಿಯಲು ನೀರು ಕೇಳಿದಳು. "ಮಕ್ಕಳು ಕುಡಿಯೋ ನೀರಿನ ಕೊಳಗ ಅಲ್ಲೈತೆ, ತಗಳಿ" ಎಂದೆ. ತಾನೇ ಬಗ್ಗಿ ತೆಗೆದುಕೊಂಡು ಕುಡಿದಳು, ಲೋಟ ತೊಳೆದಿಟ್ಟು ಹೋದಳು. ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ. ಮುಂದೆಯೂ ಹೇಳುವುದಿಲ್ಲ.

ನೀನು ಸಿಟ್ಟು ಇಟ್ಟುಕೋ, ಆದರೆ ಊಟ ಬಿಡಬೇಡ. ಪಾಠ ಮಾಡುವ ಅಭ್ಯಾಸಕ್ಕೆ ಶಾಲೆಗೆ ಹೋದಾಗ ಹಿಂದಿನ ಬೆಂಚಿನವರಿಗೂ ಕೇಳುವ ಹಾಗೆ ಮಾತಾಡು. ನಿನಗೆ ಒಳ್ಳೆಯ ನೌಕರಿ ಸಿಗಲಿ, ನಿನಗೆ ಮೋಸಮಾಡುವವರು ಯಾರೂ ಹತ್ತಿರ ಸುಳಿಯದಿರಲಿ. ಮುಂದಿನ ಭಾನುವಾರ ಬಾ, ಹುರಿಹಿಟ್ಟು ಕಾಯುತ್ತಿದೆ.

ನಿನ್ನ ಅವ್ವ,
ಮಾಯಮ್ಮ

ಇನ್ನೊಂದು ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಟೆಂಪೋದಲ್ಲಿ ನಿಮ್ಮಪ್ಪನಿಗೆ ಸ್ವಲ್ಪ ಹೊತ್ತು ಎಚ್ಚರವಿತ್ತು. ಊರು ದಾಟುವವರೆಗೂ ಧ್ವನಿವರ್ಧಕದಲ್ಲಿ ಆ ಹಾಡು ಕೇಳಿಸುತ್ತಲೇ ಇತ್ತು. ನಾನು ಅವರ ಮುಖ ಹಿಡಿದು, "ನನ್ನ ನೋಡಿ, ಕವನ ಕಾಯ್ತಾ ಅವ್ಳೆ" ಎಂದು ಕೂಗುತ್ತಿದ್ದೆ. ಅವರು ನನ್ನ ಮಣಿಕಟ್ಟಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. "ಗೌರಮ್ಮೋರು ಎರಡನೇ ಚರಣ ಬೇಗ ಎತ್ಕಂಬುಟ್ರು ಕಣೆ" ಎಂದರು. ಆಮೇಲೆ ಬೆರಳು ನಿಂತಿತು. ಅವರ ಕೊನೆಯ ಮಾತು ಅದು. ಅದರಲ್ಲಿ ನಿನ್ನ ಹೆಸರಿಲ್ಲ, ನನ್ನ ಹೆಸರೂ ಇಲ್ಲ. ನಾನು ಆ ಇಬ್ಬರ ಮೇಲೆ ಸೇಡು ತೀರಿಸಿಕೊಂಡು ಬಂದೆ ಕವನಾ. ನಿಮ್ಮಪ್ಪನ ಮೇಲೆ ಇರುವುದನ್ನು ಎಲ್ಲಿ ತೀರಿಸಿಕೊಳ್ಳಲಿ?