ಖಾಲಿ ಕಳಿಸಬಾರದ ಡಬ್ಬಿ

೨-೧೧-೨೦೨೫, ಭಾನುವಾರ

ಶೆಲ್ಫ್ ಒರೆಸಿದೆ. ಮಮತಾಳ ಸ್ಟೀಲ್ ಡಬ್ಬಿಯನ್ನೂ ಒರೆಸಿ ಅಲ್ಲೇ ಇಟ್ಟೆ. ಒಂದೂವರೆ ವರ್ಷದಿಂದ ಇದೇ ಕೆಲಸ. ಅವತ್ತು ಸೊರಬದಲ್ಲಿ ಅವಳ ಗೃಹಪ್ರವೇಶ. ಹೋದ ಕೂಡಲೇ ಹೋಳಿಗೆ ತುಂಬಿ ಈ ಡಬ್ಬಿ ಕೈಗಿಟ್ಟಳು. ಆಮೇಲೆ ಯಾರೋ ನನ್ನ ಕೈಗೆ ಮೈಕ್ ಕೊಟ್ಟರು.

“ಮಮತಾ ಮಾಡಿದ ಹೋಳಿಗೆ,
ಮಡಚಿ ಹೊಲಿದರೆ ಜೋಳಿಗೆ.”

ಎಲ್ಲರೂ ನಕ್ಕರು. ಅವಳ ಅತ್ತೆ ನಿಂಗಮ್ಮನವರು ಹಬ್ಬ ಹಬ್ಬಕ್ಕೂ ಅದನ್ನೇ ಹೇಳಿ ಇನ್ನೂ ನಗುತ್ತಾರಂತೆ. ಮಮತಾ ಮಾತು ಬಿಟ್ಟಳು. ಬಿ.ಎ. ಮೂರು ವರ್ಷ ಒಂದೇ ಬೆಂಚು — ಎರಡು ಸಾಲಿಗೆ ಹೋಯಿತು. ಪ್ರಾಸ ಈಗಲೂ ಚೆನ್ನಾಗಿದೆ ಎಂಬುದೇ ದುಃಖ.

ಡಬ್ಬಿ ಖಾಲಿ ಕಳಿಸುವಂತಿಲ್ಲ. ತುಂಬಲು ಏನೂ ಹೊಳೆದಿಲ್ಲ.

೫-೧೧, ಬುಧವಾರ

ಮಗಳು ಶಾಹೀನ್ ಫೋನಿನಲ್ಲಿ ತೋರಿಸಿದಳು. ಲ್ಯಾಮಿಂಗ್ಟನ್. ಆಸ್ಟ್ರೇಲಿಯಾದ ಕೇಕು. ಚೌಕ ತುಂಡುಗಳನ್ನು ಚಾಕೊಲೇಟ್ ಪಾಕದಲ್ಲಿ ಅದ್ದಿ ತೆಂಗಿನ ತುರಿಯಲ್ಲಿ ಹೊರಳಿಸುವುದು. ಒಣಗಿದ ಕೇಕನ್ನು ಬಿಸಾಡದೆ ಉಳಿಸಿಕೊಳ್ಳಲು ಯಾರೋ ಅಡುಗೆಯವರು ಕಂಡುಕೊಂಡ ಉಪಾಯ ಅಂತ ಕಥೆ. ಈಗಲೂ ನಿನ್ನೆಯ ಕೇಕೇ ಒಳ್ಳೆಯದಂತೆ. ಹಳೆಯದಕ್ಕೂ ಒಂದು ದಾರಿ ಇದೆ... ಇಷ್ಟವಾಯಿತು.

೧೦-೧೧, ಸೋಮವಾರ, ಬೆಳಿಗ್ಗೆ

ಶನಿವಾರ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವಿಷಲ್ ತೆಗೆದು ಬೇಯಿಸಿದ್ದೆ. ಕೇಕು ಉಬ್ಬಿತು. ನಾನೂ ಉಬ್ಬಿದೆ. ನಿನ್ನೆ ಹಸಿ ಕಾಯಿ ತುರಿದು ಹೊರಳಿಸಿದೆ. ಇವತ್ತು ಮುಚ್ಚಳ ತೆಗೆದರೆ ಹುಳಿ ವಾಸನೆ.

ನನ್ನ ಅತ್ತೆ ಮೂಗು ಮುಚ್ಚಿಕೊಂಡರು. “ದುಲ್ಹನ್, ಹಸಿ ಕಾಯಿ ಚಟ್ನಿ ಬೆಳಗಿನ ತನಕ ಉಳಿಯುತ್ತಾ? ಕೇಕು ಅಂದ್ರೆ ಕಾಯಿಗೆ ಗೊತ್ತಾಗುತ್ತಾ?”

ದಖನಿಯಲ್ಲಿ ಬೈದದ್ದು. ಕನ್ನಡಕ್ಕೆ ಇಳಿಸಿದಾಗ ಅರ್ಧ ಖಾರ ಹೋಯಿತು.

೧೬-೧೧, ಭಾನುವಾರ

ಮತ್ತೆ ಮಾಡಿ ಒಣ ಕೊಬ್ಬರಿ ಹಾಕಿದೆ. ಕೇಕು ಹತ್ತಿಯ ಹಾಗೆ ಬಂತು. ಡಬ್ಬಿಗೆ ಜೋಡಿಸುತ್ತಿದ್ದಾಗ ಅತ್ತೆ:

“ಎಷ್ಟು ಮೊಟ್ಟೆ ಹಾಕ್ದೆ?”

“ನಾಲ್ಕು.”

“ನಿಂಗಮ್ಮನ ಮನೇಲಿ ಮೊಟ್ಟೆ ಯಾವಾಗಿಂದ ತಿಂತಾರೆ?”

ಕೈ ನಿಂತಿತು. ಮೊದಲು ಮಾನ ಕಳೆದೆ. ಈಗ ಮಡಿಯನ್ನೂ ಕಳೆಯಲು ಹೊರಟಿದ್ದೆ.

ನಮ್ಮನೆಯವರು ಎಂಟು ತುಂಡು ತಿಂದು, “ಪಾಪ, ಮಮತಾ ಅವರಿಗೆ ಸಿಗಲಿಲ್ಲ ನೋಡು” ಎಂದರು.

೨೪-೧೧, ಸೋಮವಾರ

ಮೊಟ್ಟೆಯ ಬದಲು ಮೊಸರು, ಸೋಡಾ. ಸ್ವಲ್ಪ ಗಟ್ಟಿ. ಇರಲಿ. ಮಮತಾಳ ಗಂಡ ನವೀನ್ ಮೇಷ್ಟ್ರು ದಿನಾ ಸೊರಬದಿಂದ ಇಲ್ಲಿಯ ಹೈಸ್ಕೂಲಿಗೆ ಬರುತ್ತಾರೆ. ನಮ್ಮನೆಯವರ ಬೀಗದ ಅಂಗಡಿಯಲ್ಲಿ ಅವರನ್ನು ಹಿಡಿದು ಡಬ್ಬಿ ಕೊಟ್ಟೆ. ಒಳಗೆ ಚೀಟಿ: “ಮೊಟ್ಟೆ ಇಲ್ಲ. ಪ್ರಾಸವೂ ಇಲ್ಲ. ತಪ್ಪಾಯಿತು.”

ಇಷ್ಟು ಒಣಗಿದ ಸಾಲು ಜೀವಮಾನದಲ್ಲಿ ಬರೆದಿರಲಿಲ್ಲ.

೧-೧೨, ಸೋಮವಾರ

ಡಬ್ಬಿ ಬರಲಿಲ್ಲ. ಫೋನೂ ಇಲ್ಲ.

ಶೆಲ್ಫಿನಲ್ಲಿ ದುಂಡಗೆ ಖಾಲಿ ಜಾಗ. ಅದನ್ನೇ ಒರೆಸಿದೆ.

೪-೧೨, ಗುರುವಾರ, ಸಂಜೆ ಐದೂವರೆ

ನವೀನ್ ಮೇಷ್ಟ್ರು ಮನೆಗೇ ಬಂದರು. “ಸಬಿಹಾ ಅವರೇ, ಇದನ್ನ ನಿಮ್ಮ ಕೈಗೇ ಕೊಡ್ಬೇಕು ಅಂದಾಳ್ರೀ. ಕೊಟ್ಟೆ. ನಿಮ್ಮಿಬ್ಬರ ಮಧ್ಯೆ ನನ್ನ ಸಿಗಿಸಬ್ಯಾಡ್ರಿ.” ಚಹಾಕ್ಕೂ ನಿಲ್ಲಲಿಲ್ಲ.

ಡಬ್ಬಿ ಭಾರ. ಮೇಲೆ ಚೀಟಿ, ಮಮತಾಳ ದುಂಡು ಅಕ್ಷರ:

“ಸಬಿಹಾ ಕಳಿಸಿದ ಕೇಕು,
ಕೊಯ್ಯಲು ಗರಗಸ ಬೇಕು.

ಅತ್ತೆಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ಈಗ ಅವರ ಬಾಯಲ್ಲಿ ಇದೇ. ನನ್ನ ಜೋಳಿಗೆ ಮರೆತೇ ಹೋಗಿದೆ ಕಣೆ.”

ಕೆಳಗೆ ಹೋಳಿಗೆ. ಒಂದನ್ನು ಮಡಚಲು ಹೋದೆ. ಮಡಚುವ ಮೊದಲೇ ಹರಿಯಿತು, ಅಷ್ಟು ಮೆತ್ತಗೆ. ಅವತ್ತು ಮೈಕಿನಲ್ಲಿ ಹೇಳಬೇಕಾಗಿದ್ದದ್ದು ಇದು.

ಡಬ್ಬಿ ಮತ್ತೆ ನನ್ನ ಹತ್ತಿರ. ಖಾಲಿ ಕಳಿಸುವಂತಿಲ್ಲ. ಸದ್ಯ!

ಫೋನ್ ಹಚ್ಚಿದ್ದೇನೆ, ಸ್ಪೀಕರಿನಲ್ಲಿ. ರಿಂಗ್ ಆಗುತ್ತಿದೆ. ಮೊದಲ ಮಾತು ಏನು? ಪ್ರಾಸ ಬೇಡ. ಬರೀ ಹೆಸರು ಹಿಡಿದು... ಎತ್ತಿದಳು —