ಮೂರು ಕಾಲದ ಕೋಣೆ

ಹಾಸನ, ಇಸವಿ ೨೧೮೩, ಉರಿಗಾಲ ಮುಗಿದ ಹನ್ನೊಂದನೆಯ ದಿನ.

ಪೂಜ್ಯ ಭಾನುಮತಿಯವರಿಗೆ, ನಿಮ್ಮಿಂದ ಆರನೆಯ ತಲೆಮಾರಿನ ಸಿಂಚನಳ ನಮಸ್ಕಾರಗಳು.

ಮೇಲಿನ ತಾರೀಕನ್ನು ನೋಡಿ ನೀವು ಈ ಕಾಗದವನ್ನು ಮಡಚಿಟ್ಟರೂ ನಾನು ತಪ್ಪು ತಿಳಿಯುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ಒರಟಾಗಿ ಕೇಳಿಸಬಹುದು. ಅವು ನೀವು ಹೋದ ಮೇಲೆ ಹುಟ್ಟಿದವು, ನಮಗೂ ಅವುಗಳ ಮೇಲೆ ಪ್ರೀತಿಯಿಲ್ಲ. ನಮ್ಮ ಹೆಬ್ಬಾಗಿಲ ಮೇಲಿನ ಕಲ್ಲಿನಲ್ಲಿ ನಿಮ್ಮ ಹೆಸರೂ ೨೦೨೭ ಎಂಬ ಇಸವಿಯೂ ಇವೆ. ನೀವು ಇನ್ನೂ ಪಾಯ ತೋಡಿಸಿಲ್ಲ, ಮನೆಯ ನಕ್ಷೆ ಮೇಜಿನ ಮೇಲಿದೆ ಎಂದು ಭಾವಿಸಿಕೊಂಡು ಬರೆಯುತ್ತಿದ್ದೇನೆ. ಕೂತು ಬರೆಯಲು ಆಗುತ್ತಿಲ್ಲ. ನಾಲ್ಕು ಸಾಲು ಬರೆದು ಎದ್ದು ಹಿತ್ತಲಿಗೆ ಹೋಗಿ ಬರುತ್ತೇನೆ. ಅಕ್ಷರ ಓರೆಯಾಗಿದ್ದರೆ ಅದೇ ಕಾರಣ.

ನಿಮ್ಮ ಕಾಲದಲ್ಲಿ ಮಳೆಗಾಲ, ಚಳಿಗಾಲ, ಬೇಸಿಗೆಕಾಲ ಎಂದು ಮೂರೇ ಇದ್ದವಂತೆ. ನಮ್ಮ ಬೇಸಿಗೆ ಸಂಕ್ರಾಂತಿಗೇ ಬಂದು ಶಿವರಾತ್ರಿಗೆ ಮುಗಿಯುತ್ತದೆ, ಆಮೇಲೆ ನಾಲ್ಕನೆಯದೊಂದಿದೆ, ಉರಿಗಾಲ. ಶಿವರಾತ್ರಿಯ ಮರುದಿನದಿಂದ ಮೊದಲ ಮಳೆಯವರೆಗೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಬಿಸಿ ಮಿತಿ ಮೀರಿದರೆ ನೀರಿನ ಟ್ಯಾಂಕಿನ ಮೇಲಿನ ಸೈರನ್ ಕೂಗುತ್ತದೆ. ಅದನ್ನು ಬಿಸಿಗೂಗು ಎನ್ನುತ್ತೇವೆ. ಅದು ಕೂಗಿದ ಕೂಡಲೇ ಎಲ್ಲ ಮನೆಗಳ ಕಿಟಕಿಗಳಿಗೆ ನೆರಳುಬಟ್ಟೆ ಇಳಿಯುತ್ತದೆ. ನೆರಳುಬಟ್ಟೆಯೆಂದರೆ ಬಿಸಿಲನ್ನು ಹಿಂದಕ್ಕೆ ತಳ್ಳುವ ದಪ್ಪ ಪರದೆ. ಅದನ್ನು ಹೊಲಿಯುವುದೇ ನನ್ನ ಕಸುಬು. ಇಷ್ಟಿದ್ದರೂ ನಮ್ಮದು ಹಿತವಾದ ಹವೆಯ ಊರೆಂದೇ ಹೆಸರು. ಉಳಿದ ಮೂರು ಕಾಲಗಳಲ್ಲಿ ಇಲ್ಲಿನ ಗಾಳಿ ಈಗಲೂ ತಣ್ಣಗಿದೆ, ಬೆಳಗಿನ ಬಿಸಿಲಿಗೆ ಬೆನ್ನೊಡ್ಡಿ ಕೂರುವ ಆಸೆ ಈಗಲೂ ಹುಟ್ಟುತ್ತದೆ. ಆದ್ದರಿಂದಲೇ ಕಲಬುರಗಿ, ರಾಯಚೂರು ಕಡೆಯ ಬಯಲು ಬಿಟ್ಟವರು ಇಲ್ಲಿಗೆ ಬರುತ್ತಾರೆ. ಅವರನ್ನು ಏರಿಬಂದವರು ಎನ್ನುತ್ತೇವೆ. ಎಣಿಕೆಯವರು ಮನೆ ಮನೆಗೆ ಬಂದು ಕೋಣೆಗಳನ್ನು ಲೆಕ್ಕ ಹಾಕುತ್ತಾರೆ, ಮನೆಯವರಿಗೆ ಬೇಕಾದುದಕ್ಕಿಂತ ಒಂದು ಕೋಣೆ ಹೆಚ್ಚಿದ್ದರೂ ಅದು ಏರಿಬಂದವರಿಗೆ ಕೊಡುವ ಕೋಣೆಗಳ ಪಟ್ಟಿಗೆ ಸೇರುತ್ತದೆ.

ನಮ್ಮ ಮನೆಗೆ ಹೀಗೆ ಬಂದವರು ನೀಲಗಂಗಮ್ಮ. ಅರವತ್ತರ ಆಸುಪಾಸಿನ ಹೆಂಗಸು, ಆಳಂದದ ಕಡೆಯವರು, ಹಿಂದೆ ಮುಂದೆ ಯಾರೂ ಇಲ್ಲ. ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಯನ್ನು ಅವರಿಗೆ ಕೊಟ್ಟೆವು. ಅದು ಅಲ್ಲಿಯವರೆಗೆ ನನ್ನ ಹೊಲಿಗೆಯ ಕೋಣೆಯಾಗಿತ್ತು. ಮಿಷನ್ನನ್ನು ನಡುಮನೆಗೆ ತಂದುಕೊಂಡೆ. ಅಂದಿನಿಂದ ನನ್ನ ಮನಸ್ಸು ನೆಟ್ಟಗಾಗಲಿಲ್ಲ. ಅವರು ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನಸುಕಿಗೇ ಎದ್ದು ಜೋಳದ ರೊಟ್ಟಿ ತಟ್ಟುತ್ತಿದ್ದರು, ಮೊದಲ ರೊಟ್ಟಿ ನನಗೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಮಾತಿಗೆ ಬರುತ್ತಿದ್ದರು. "ತಂಗಿ, ಉಪ್ಪು ಎಲ್ಲಿ ಇಟ್ಟೀ?" "ತಂಗಿ, ಗ್ವಾಡಿ ಮ್ಯಾಲ ಎಂಥಾ ಹಕ್ಕಿ ಬಂದದ ನೋಡು ಬಾ." ನಾನು ಅಂಚು ಹಿಡಿದಿರುತ್ತಿದ್ದೆ, ದಾರ ತುಂಡಾಗುತ್ತಿತ್ತು.

ಆಗ ನನಗೆ ಹೊಳೆದದ್ದು ಗಾಜಿನ ಕೋಣೆ. ಮನೆಯ ಪೂರ್ವಕ್ಕೆ, ಹಿತ್ತಲ ಕಡೆ, ಮೂರು ಬದಿ ಗಾಜಿನ ಒಂದು ಕೋಣೆ ಕಟ್ಟಿಕೊಳ್ಳುವುದು ನಮ್ಮ ಊರಿನಲ್ಲಿ ಈಗ ರೂಢಿ. ಉರಿಗಾಲದಲ್ಲಿ ಅಲ್ಲಿ ಇರಲು ಆಗದು, ಹಾಗಾಗಿ ಎಣಿಕೆಯವರು ಅದನ್ನು ಕೋಣೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಾಗ ಹೆಚ್ಚುತ್ತದೆ, ಇನ್ನೊಬ್ಬರು ಬರುವುದಿಲ್ಲ. ಇದನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ, ಊರಿನಲ್ಲಿ ಯಾರೂ ಹೇಳುವುದಿಲ್ಲ.

ಎರಡು ಬೀದಿ ಆಚೆ ಇರುವ ಫಯಾಜ್ ಸಾಬರು ಗಾಜಿನ ಕೆಲಸದವರು. ಮಳೆ ನಿಂತ ಮೇಲೆ ಬಂದು ಮಟ್ಟಗೋಲು ಹಿಡಿದು ಅಳತೆ ಮಾಡಿದರು, ಸೊಂಟದೆತ್ತರಕ್ಕೆ ಇಟ್ಟಿಗೆ, ಮೇಲೆ ಗಾಜು, ಇಳಿಜಾರು ಸೂರು, ಹಿತ್ತಲಿಗೊಂದು ಬಾಗಿಲು, ಮನೆಯೊಳಕ್ಕೊಂದು ಬಾಗಿಲು ಎಂದು ಇಪ್ಪತ್ತಾರು ದಿನದಲ್ಲಿ ಎಬ್ಬಿಸಿದರು. ಕೊನೆಯ ಗಾಜು ಕೂರಿಸಿ ಕೈ ಒರೆಸಿಕೊಳ್ಳುತ್ತಾ ಕೇಳಿದರು: "ಇಲ್ಲಿ ಯಾರಮ್ಮ ಇರೋದು?"

"ನೀಲಗಂಗಮ್ಮನೋರು ಇರ್ತಾರೆ. ಬಿಸಿಲು ಅಂದ್ರೆ ಅವರಿಗೆ ಇಷ್ಟ," ಎಂದೆ.

"ಮೂರು ಕಾಲ ಸರಿ. ನಾಲ್ಕನೇ ಕಾಲಕ್ಕೆ ಇದು ಕೋಣೆ ಅಲ್ಲಮ್ಮ, ಒಲೆ. ಹದಿನೈದು ದಿನ ಮೊದಲೇ ಒಳಗೆ ಕರ್ಕೊಂಬಿಡಿ."

ನೀಲಗಂಗಮ್ಮ ಸಂತೋಷದಿಂದಲೇ ಹೋದರು. ಅವರ ಮಂಚ, ಟ್ರಂಕು, ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆ ಎಲ್ಲವೂ ಅಲ್ಲಿಗೆ ಹೋದವು. ನನ್ನ ಮಿಷನ್ ಚಿಕ್ಕ ಕೋಣೆಗೆ ಮರಳಿತು. ಕಾರ್ತಿಕದಲ್ಲಿ, ಪುಷ್ಯದಲ್ಲಿ ಆ ಗಾಜಿನ ಕೋಣೆಯಷ್ಟು ಸೊಗಸಾದ ಜಾಗ ಮನೆಯಲ್ಲಿ ಇನ್ನೊಂದಿರಲಿಲ್ಲ. ಬೆಳಗಿನ ಎಳೆ ಬಿಸಿಲು ನೆಲದ ಮೇಲೆ ಹರಡಿರುತ್ತಿತ್ತು, ಅವರು ಅದರ ನಡುವೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಮನೆಗೂ ಆ ಕೋಣೆಗೂ ನಡುವಿನ ನಡುಬಾಗಿಲಿಗೆ ಈ ಕಡೆಯಿಂದ ಚಿಲಕ ಹಾಕಲು ಶುರುಮಾಡಿದೆ. ಮೊದಲು ಕೆಲಸದ ಹೊತ್ತಿನಲ್ಲಿ, ಆಮೇಲೆ ಹಗಲೆಲ್ಲ. ಅವರು ಬಾಗಿಲು ಬಡಿಯುವುದನ್ನು ಕಲಿತರು. ನಾನು ಕೇಳಿಸದಂತೆ ಇರುವುದನ್ನು ಕಲಿತೆ.

ನನ್ನ ಗಂಡ ಲೋಹಿತ ಸರಕಿನ ವಾಹನ ಓಡಿಸುತ್ತಾರೆ, ವಾರಕ್ಕೆರಡು ದಿನ ಮನೆಯಲ್ಲಿ. ಶಿವರಾತ್ರಿಗೆ ಇನ್ನೂ ಹತ್ತೊಂಬತ್ತು ದಿನವಿತ್ತು. ಆ ಬೆಳಿಗ್ಗೆ ಹೊರಡುವಾಗ ಅವರು ಆಕಾಶ ನೋಡಿ, "ಯಾಕೋ ಗಾಳೀನೇ ಇಲ್ಲ. ಇವತ್ತೇ ನೀಲಗಂಗಮ್ಮನ್ನ ಒಳಕ್ಕೆ ಕರ್ಕೋ," ಎಂದರು.

"ನಾಳೆ ಮಾಡೋಣ ಬಿಡಿ. ಸ್ಕೂಲಿನ ಪರದೆ ಇವತ್ತು ಕೊಡ್ಬೇಕು, ಕೋಣೆ ತುಂಬಾ ಬಟ್ಟೆ ಬಿದ್ದಿದೆ."

ಹತ್ತೂವರೆಗೆ ಬಿಸಿಗೂಗು ಕೇಳಿಸಿತು. ಇಷ್ಟು ಮುಂಚೆ ಅದು ಕೂಗಿದ್ದು ನನ್ನ ನೆನಪಿನಲ್ಲಿಲ್ಲ. ಪರೀಕ್ಷೆಗೆ ಕೂಗಿಸುತ್ತಿದ್ದಾರೆಂದು ನನಗೆ ನಾನೇ ಹೇಳಿಕೊಂಡೆ. ಆದರೂ ಎದ್ದು ಕಿಟಕಿಯ ಪರದೆ ಇಳಿಸಿ ಬಂದೆ. ಅಂದರೆ, ಪರೀಕ್ಷೆಯಲ್ಲವೆಂದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ನಡುಬಾಗಿಲು ಬಡಿದ ಸದ್ದಾಯಿತು. ಮೂರು ಸಲ. ನಾನು ಮಿಷನ್ ನಿಲ್ಲಿಸಿದೆ. "ತಂಗಿ," ಎಂದರು. ಒಂದು ಅಂಚು ಉಳಿದಿತ್ತು. ಇದೊಂದು ಮುಗಿಸಿ ಏಳೋಣ, ಬಾಗಿಲು ತೆಗೆದರೆ ಮಾತು ಶುರುವಾಗುತ್ತದೆ ಎಂದುಕೊಂಡು ಮತ್ತೆ ಮಿಷನ್ ತುಳಿದೆ. ಬಡಿತ ಇನ್ನೊಮ್ಮೆ ಬಂತು, ಆಮೇಲೆ ಬರಲಿಲ್ಲ. ಅಂಚು ಉದ್ದದ್ದು. ಮುಗಿಸಿ ಚಿಲಕ ತೆಗೆದಾಗ ಮುಕ್ಕಾಲು ಗಂಟೆ ಕಳೆದಿತ್ತು. ಬಿಸಿ ಮುಖಕ್ಕೆ ಹೊಡೆಯಿತು. ಮಂಚದ ಕಬ್ಬಿಣ ಮುಟ್ಟಿದರೆ ಸುಟ್ಟಿತು. ಕೊಡ ಖಾಲಿ. ಹಿತ್ತಲ ಬಾಗಿಲು ತೆರೆದಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ.

ಅವರು ತಲೆಯ ಮೇಲೆ ಒದ್ದೆ ಸೆರಗು ಹಾಕಿಕೊಂಡು ಬೀದಿಗಿಳಿದಿದ್ದರು. ಎರಡು ಮನೆಗಳ ಬಾಗಿಲು ಬಡಿದರಂತೆ. ಕೂಗಿನ ಹೊತ್ತಿನಲ್ಲಿ ಪರದೆಗಳ ಹಿಂದೆ ಕೂತವರಿಗೆ ಏನೂ ಕೇಳಿಸುವುದಿಲ್ಲ. ಫಯಾಜ್ ಸಾಬರ ಗೇಟಿನವರೆಗೆ ನಡೆದು ಅಲ್ಲಿ ಬಿದ್ದರು. ಸಾಬರ ಹೆಂಡತಿ ಮುಮ್ತಾಜಮ್ಮ ಕಂಡು ಒಳಗೆಳೆದುಕೊಂಡು ನೀರು ಸುರಿದರು. ಅದರಿಂದ ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಹದಿನೇಳು ದಿನ ಇದ್ದರು. ಮಾತು ಮರಳಿತು, ಆದರೆ ಎರಡೂ ಕೈಗಳಲ್ಲಿ ನಡುಕ ಉಳಿದುಬಿಟ್ಟಿತು. ರೊಟ್ಟಿ ತಟ್ಟಲು ಆಗದು, ಲೋಟ ಹಿಡಿದರೆ ನೀರು ಚೆಲ್ಲುತ್ತದೆ.

ಎಣಿಕೆಯವರು ಆಸ್ಪತ್ರೆಗೇ ಬಂದು ವಿಚಾರಣೆ ಮಾಡಿದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ನೀಲಗಂಗಮ್ಮ ನಿಧಾನವಾಗಿ ಹೇಳಿದರು, "ಮನ್ಯಾಗ ಯಾರೂ ಇದ್ದಿದ್ದಿಲ್ರೀ. ತಂಗಿ ಪರದೆ ಕೊಡಲಿಕ್ಕೆ ಹೋಗಿದ್ಳು." ಅವರು ಬರೆದುಕೊಂಡರು.

ಭಾನುಮತಿಯವರೇ, ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಉರಿಗಾಲದ ಹಗಲೆಲ್ಲ ಮನೆಯೊಳಗೇ ಇರಬೇಕು, ಮನೆಯೊಳಗೆ ನಾನು ಎಲ್ಲಿಯೂ ನಿಲ್ಲಲಾರೆ. ಮಿಷನ್ನನ್ನು ನಡುಮನೆಗೆ ತಂದೆ, ಮತ್ತೆ ಒಳಗಿಟ್ಟೆ. ಹಾಸಿಗೆ ಬದಲಿಸಿದೆ. ಅನ್ನಕ್ಕಿಟ್ಟು ಮರೆತೆ. ಎಲ್ಲಿಯೋ ಪಾತ್ರೆ ಸದ್ದಾದರೆ ಎದ್ದು ನಡುಬಾಗಿಲಿಗೆ ಓಡುತ್ತಿದ್ದೆ. ಲೋಹಿತ, "ಏನಾಗಿದೆ ನಿಂಗೆ, ಒಂದ್ ಕಡೆ ಕೂರಬಾರ್ದಾ?" ಎನ್ನುತ್ತಿದ್ದರು. ಅವರಿಗೂ ನಾನು ಹೇಳಿರಲಿಲ್ಲ.

ಆಸ್ಪತ್ರೆಯಿಂದ ನೀಲಗಂಗಮ್ಮ ನಮ್ಮಲ್ಲಿಗೆ ಬರಲಿಲ್ಲ, ಮುಮ್ತಾಜಮ್ಮ ತಮ್ಮಲ್ಲಿಗೇ ಕರೆದುಕೊಂಡು ಹೋದರು. ಮೊದಲ ಮಳೆ ಬಿದ್ದ ದಿನ ನಾನು ಅಲ್ಲಿಗೆ ಹೋದೆ. ಅವರು ಜಗಲಿಯ ಮೇಲೆ ಒರಗಿ ಕೂತಿದ್ದರು. ಎದುರು ನೆಲದ ಮೇಲೆ ಕೂತು, "ಅಮ್ಮಾ, ಆವತ್ತು ನಾನು ಮನೇಲೇ ಇದ್ದೆ. ನೀವು ಬಡಿದಿದ್ದು ಕೇಳಿಸ್ತು," ಎಂದೆ.

"ಗೊತ್ತದ," ಎಂದರು. "ನಾ ಬಡದಾಗ ಮಿಷನ್ ಸಪ್ಪಳ ನಿಂತಿತು. ಬಂದ್ಳು ಅನಕೊಂಡೆ. ಮತ್ತ ಸುರು ಆತು."

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ? ನನ್ನ ಯಾಕೆ ಉಳಿಸಿದ್ರಿ?"

"ನಿನ್ನ ಸಲುವಾಗಿ ಹೇಳಿಲ್ಲ ತಂಗಿ," ಎಂದರು, ಸಿಟ್ಟಿಲ್ಲದ ದನಿಯಲ್ಲಿ. "ಖರೇ ಹೇಳಿದ್ರ ನಿಮ್ಮ ಮನಿ ಪಟ್ಟಿಂದ ತಗೀತಿದ್ರು. ನಮ್ಮ ಕಡೆ ಮಂದಿ ನಾಕುನೂರು ಜನ ಇನ್ನಾ ಸಾಲಿನ್ಯಾಗ ನಿಂತಾರ. ಒಂದು ಕೋಣಿ ಕಮ್ಮಿ ಆಗಬಾರದು ಅಂತ ಹೇಳ್ದೆ."

ನಾನು ವಾಪಸ್ ಬನ್ನಿ ಎಂದು ಕೇಳಿದೆ. "ನಾ ಬರಂಗಿಲ್ಲ," ಎಂದರು. ಅಷ್ಟೇ. ಮುಮ್ತಾಜಮ್ಮ ಚಹಾ ತಂದು, ಅವರ ಲೋಟವನ್ನು ತಾವೇ ಹಿಡಿದು ಕುಡಿಸಿದರು. ನಾನು ನನ್ನ ಲೋಟ ಮುಗಿಸಿ ಎದ್ದು ಬಂದೆ.

ಆ ರಾತ್ರಿ ಲೋಹಿತರಿಗೆ ಎಲ್ಲ ಹೇಳಿದೆ. ಅವರು ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ತಾವೇ ಮಿಷನ್ನನ್ನು ಎತ್ತಿ ಗಾಜಿನ ಕೋಣೆಯಲ್ಲಿ ಇಟ್ಟರು. ಇನ್ನು ಮೂರು ಕಾಲ ನಾನು ಅಲ್ಲಿ ಹೊಲಿಯುತ್ತೇನೆ, ನಾಲ್ಕನೆಯದರಲ್ಲಿ ಹೊಲಿಗೆಯಿಲ್ಲ. ಚಿಕ್ಕ ಕೋಣೆಗೆ ಸುಣ್ಣ ಹೊಡೆದೆ. ನೀಲಗಂಗಮ್ಮನ ಸುಳ್ಳು ಉಳಿಸಿದ ಕೋಣೆ ಅದು, ಆದ್ದರಿಂದ ಎಣಿಕೆಯವರ ಮುಂದೆ ಸತ್ಯ ಹೇಳುವ ಹಕ್ಕೂ ನನಗೆ ಉಳಿದಿಲ್ಲ. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ.

ನಿನ್ನೆ ಪಟ್ಟಿಯ ಕಾಗದ ಬಂತು. ಜೇವರ್ಗಿಯ ಕಡೆಯ ಒಬ್ಬ ತಾಯಿ, ಒಬ್ಬಳು ಮಗಳು, ಗುರುವಾರ ಸಂಜೆ ಇಳಿಯುತ್ತಾರೆ. ಬೆಳಿಗ್ಗೆಯಿಂದ ಕೋಣೆಯನ್ನು ಅಳೆಯುತ್ತಿದ್ದೇನೆ. ಒಂದು ಮಂಚ ಹಿಡಿಯುತ್ತದೆ, ಎರಡನೆಯದು ಗೋಡೆಗೆ ತಾಗಿ ಬಾಗಿಲು ತೆರೆಯಲು ಬಿಡುವುದಿಲ್ಲ. ಹೀಗೆ ಹಾಕಿ ನೋಡಿದೆ, ಹಾಗೆ ತಿರುಗಿಸಿ ನೋಡಿದೆ.

ನಿಮ್ಮ ನಕ್ಷೆ ಇನ್ನೂ ಮೇಜಿನ ಮೇಲಿದ್ದರೆ, ದಯವಿಟ್ಟು ಅಡುಗೆಮನೆಯ ಪಕ್ಕದ ಆ ಕೋಣೆಯನ್ನು ಒಂದು ಗಜ ದೊಡ್ಡದು ಮಾಡಿಸಿ. ಇಬ್ಬರು ಬರುತ್ತಿದ್ದಾರೆ.

ಇತಿ ನಿಮ್ಮವಳು,
ಸಿಂಚನ