ಬ್ರೇಕಿನ ನೀರು

ಗುರುವಾಯನಕೆರೆಯ ಮಾವನಿಗೆ ಅಕ್ಷಿತಾಳ ನಮಸ್ಕಾರ.

ಈ ಮರುಭೂಮಿಯಲ್ಲಿ ನೆರಳಿರುವುದು ನಮ್ಮ ವಿಮಾನದ ಅಡಿಯಲ್ಲಿ ಮಾತ್ರ. ಇತ್ತು ಎನ್ನಬೇಕು. ಗಾಳಿಯನ್ನೇ ನುಂಗಿ ಉರಿಯುವ ರಾಕೆಟ್ ಎಂಜಿನ್, ಬಾಹ್ಯಾಕಾಶಕ್ಕೆ ಹೋಗುವ ಹಮ್ಮು. ನೆಲದ ಮೇಲೆ ಮಾತ್ರ ದಿಬ್ಬಣ ತುಂಬಿದ ಬಸ್ಸಿನ ಹಾಗೆ ಭಾರ. ರನ್‌ವೇಯಲ್ಲಿ ಓಡಿಯೂ ಏಳಲಾಗದಿದ್ದರೆ ನಿಲ್ಲಿಸಬೇಕಲ್ಲ, ಆಗ ಕೆಂಡವಾಗುವ ಬ್ರೇಕಿಗೆ ಸುರಿಯಲೆಂದೇ ಒಂದು ಟ್ಯಾಂಕ್ ನೀರು ಹೊರುತ್ತದೆ. ನೀವು ಚಾರ್ಮಾಡಿ ಘಾಟಿ ಇಳಿದು ಬಸ್ಸಿನ ಚಕ್ರಕ್ಕೆ ನೀರು ಹೊಯ್ಯುತ್ತಿದ್ದಿರಲ್ಲ, ಹಾಗೆಯೇ.

"ಆಕಾಶಕ್ಕೆ ಹೋಗುವವನಿಗೆ ನೀರಿನ ಕೊಡಪಾನ ಎಂಥಕ್ಕೆ ಮಾರಾಯ್ತಿ? ಅರ್ಧ ಟ್ಯಾಂಕ್ ಸಾಕು" ಎಂದ ನನ್ನ ಜೊತೆ ಕೆಲಸ ಮಾಡುವ ವಾಮದಪದವಿನ ಅನ್ಸಾಫ್. ಭಾರ ಇಳಿದರೆ ಬೇಗ ಏಳುತ್ತದೆಂದು ನಾನೂ ನಗುತ್ತಾ ಸಹಿ ಹಾಕಿದೆ. ನಿನ್ನೆ ಓಟದ ನಡುವೆ ಎಂಜಿನ್ ಕೈಕೊಟ್ಟಿತು. ನಿಯಂತ್ರಣ ಕೊಠಡಿಯಿಂದಲೇ ಬ್ರೇಕ್ ಹಿಡಿದೆವು, ವೇಗ ಇಳಿಯುವ ಮೊದಲೇ ನೀರು ಮುಗಿಯಿತು. ರನ್‌ವೇ ತುದಿಯಲ್ಲಿ ಎಲ್ಲ ಸುಟ್ಟುಹೋಯಿತು. ಒಳಗೆ ಯಾರೂ ಇರಲಿಲ್ಲ, ಹೆದರಬೇಡಿ.

ನನಗೆ ಜ್ವರ ಗಿರ ಇಲ್ಲ, ಊಟ ಮಾತ್ರ ಸೇರುವುದಿಲ್ಲ. ನಾಳೆ ವಿಚಾರಣೆ. "ನಾನೇ ಹೇಳಿದ್ದು ಅಂತ ಹೇಳ್ತೇನೆ" ಎನ್ನುತ್ತಾನೆ ಅನ್ಸಾಫ್. ಬೇಡವೆಂದೆ. ಕೆಲಸ ಉಳಿಯುವುದು ಕಷ್ಟ.

ಈ ಕಾರ್ಡನ್ನು ಪೋಸ್ಟ್‌ಮ್ಯಾನ್ ಹೇಗೂ ಓದಿರುತ್ತಾನೆ, ಅಮ್ಮನಿಗೆ ಮಾತ್ರ ಓದಿ ಹೇಳಬೇಡಿ ಮಾವ. ಸಹಿ ಹಾಕಿದವಳು ನಾನು. ಅವಳಿಗೂ ನಾನೇ ಬಂದು ಹೇಳುತ್ತೇನೆ.

ಅಕ್ಷಿತಾ